ಬೈಂಡಿಂಗ್‌ಗೆ ಹೋಗಿ, ‘ಎಐ ರಿಮೂವಲ್’ಗೆ ಮಾತ್ರ ಬೇಡ

ಯೂನಿವರ್ಸಿಟಿ ಗೇಟ್ ಎದುರಿನ ಜೆರಾಕ್ಸ್ ಅಂಗಡಿಯವರು ಹೊಸ ಬೋರ್ಡು ಹಾಕಿದ್ದಾರೆ: ಥೀಸಿಸ್ ಬೈಂಡಿಂಗ್, ಪ್ಲೇಜಿಯರಿಸಂ ಚೆಕ್, ಎಐ ರಿಮೂವಲ್. ಅಂಗಡಿ ಹೆಸರು ಬೇಡ ಬಿಡಿ, ಇಂಥವು ಊರೂರಿಗೂ ಇವೆ.

ಬೈಂಡಿಂಗ್ ಚೆನ್ನಾಗಿದೆ. ಚಿನ್ನದ ಅಕ್ಷರ ನೇರವಾಗಿ ಕೂತಿದೆ, ಹೇಳಿದ ದಿನಕ್ಕೇ ಕೊಟ್ಟರು.

ಎಐ ರಿಮೂವಲ್ ಅಂದರೆ ಎಐ ಬರೆದದ್ದು ಅಂತ ಸಾಫ್ಟ್‌ವೇರ್‌ಗೆ ಗೊತ್ತಾಗದ ಹಾಗೆ ಪದ ಬದಲಿಸಿ ಕೊಡೋದು. ಅದು ಹೇಗಿರುತ್ತೆ ನೋಡೋಣ ಅಂತ ನನ್ನ ಅಂತರ್ಜಲದ ಅಧ್ಯಾಯದ ಒಂದೆರಡು ಪುಟ ಕೊಟ್ಟೆ. ಬರೆದದ್ದು ನಾನೇ, ಇಂಗ್ಲಿಷ್ ವ್ಯಾಕರಣ ತಿದ್ದಿಸಲು ಮಾತ್ರ ಚಾಟ್‌ಜಿಪಿಟಿ ಬಳಸಿದ್ದೆ. ವಾಪಸ್ ಬಂದಾಗ ‘ಗ್ರೌಂಡ್‌ವಾಟರ್ ರೀಚಾರ್ಜ್’ ಹೋಗಿ ‘ಸಾಯಿಲ್ ಲಿಕ್ವಿಡ್ ರೀಫಿಲ್’ ಆಗಿತ್ತು! ನಗು ಬಂತು. ಆದರೆ ‘ಇರಬಹುದು’ ಅಂತ ಬರೆದ ಕಡೆ ‘ಸಾಬೀತಾಗಿದೆ’ ಅಂತ ಮಾಡಿದ್ದರು ನೋಡಿ, ಅದು ನಗುವ ವಿಷಯ ಅಲ್ಲ, ನಾಳೆ ವೈವಾದಲ್ಲಿ ‘ಎಲ್ಲಿ ಸಾಬೀತು ಮಾಡಿದ್ದೀಯಮ್ಮಾ’ ಅಂತ ಕೇಳಿದರೆ ಅಂಗಡಿಯವರು ಬಂದು ಉತ್ತರ ಕೊಡ್ತಾರಾ? ಇಂಥ ತಿರುಚಿದ ಪದಗಳನ್ನು ಫ್ರಾನ್ಸ್‌ನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬಾನಾಕ್ ಮತ್ತು ಜೊತೆಗಾರರು 2021ರಲ್ಲೇ ಜರ್ನಲ್‌ಗಳಲ್ಲಿ ಪತ್ತೆ ಹಚ್ಚಿದ್ದರು. ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಅನ್ನೋದು ‘ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್’ ಆಗಿತ್ತಂತೆ.

ಕೌಂಟರ್‌ನಲ್ಲಿದ್ದ ಹುಡುಗ ‘ಯುಜಿಸಿ ರೂಲ್ ಮೇಡಂ, 10 ಪರ್ಸೆಂಟ್ ಒಳಗೆ ತರ್ತೀವಿ’ ಅಂದ. 2018ರ ಆ ನಿಯಮದ 10% ಬೇರೆಯವರ ಬರಹದ ಜೊತೆಗಿನ ಹೋಲಿಕೆಗೆ ಸಂಬಂಧಿಸಿದ್ದು, ಎಐಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಇನ್ನು ಎಐ ಪತ್ತೆ ಮಾಡುವ ಸಾಫ್ಟ್‌ವೇರ್ ತೋರಿಸುವ ಪರ್ಸೆಂಟನ್ನೂ ಕಣ್ಮುಚ್ಚಿ ನಂಬುವ ಹಾಗಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಡಿಟೆಕ್ಟರನ್ನು, ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು.

ಅಸಲಿಗೆ ಮುಚ್ಚಿಡುವ ಅಗತ್ಯವಾದರೂ ಏನು? ಎಐ ಲೇಖಕ ಆಗುವಂತಿಲ್ಲ, ಬರೆದದ್ದಕ್ಕೆ ಜವಾಬ್ದಾರಿ ಹೊರಲು ಅದಕ್ಕೆ ಆಗಲ್ಲ ಅಂತ ಪ್ರಕಟಣಾ ನೀತಿಯ ಸಂಸ್ಥೆ ಕೋಪ್ 2023ರಲ್ಲೇ ಹೇಳಿದೆ. ಆದರೆ ಬಳಸಿದ್ದರೆ ಎಲ್ಲಿ, ಹೇಗೆ ಬಳಸಿದಿರಿ ಅಂತ ತಿಳಿಸಿ ಅಂತಲೂ ಹೇಳಿದೆ. ನಾನು ಅಷ್ಟೇ ಮಾಡಿದೆ: ‘ಮೂರನೇ ಅಧ್ಯಾಯದ ಭಾಷೆ ತಿದ್ದಲು ಚಾಟ್‌ಜಿಪಿಟಿ ಬಳಸಿದ್ದೇನೆ, ಪೂರ್ತಿ ನಾನೇ ಪರಿಶೀಲಿಸಿದ್ದೇನೆ’ ಅಂತ ಒಂದು ಸಾಲು. ಗೈಡ್ ಓದಿ, ‘ರೆಫರೆನ್ಸ್ ಕೊಟ್ಟಿದ್ದು ಅದಲ್ಲ ತಾನೇ?’ ಅಂತಷ್ಟೇ ಕೇಳಿದರು. ಸರಿಯಾದ ಪ್ರಶ್ನೆ, ಏಕೆಂದರೆ ಇಲ್ಲದ ಪೇಪರನ್ನು ಡಿಒಐ (ಪ್ರತಿ ಪೇಪರಿಗೂ ಇರುವ ಗುರುತಿನ ಸಂಖ್ಯೆ) ಸಮೇತ ಹುಟ್ಟಿಸಿಬಿಡುತ್ತೆ ಚಾಟ್‌ಜಿಪಿಟಿ. ಡಿಒಐ ಹಾಕಿ ಒಂದೊಂದನ್ನೂ ತೆರೆದು ನೋಡಿಕೊಳ್ಳಿ.

ಅಂಗಡಿಗೆ ಹೋಗುವುದಾದರೆ ಬೆಳಗ್ಗೆ ಹೋಗಿ, ಮಧ್ಯಾಹ್ನದ ಮೇಲೆ ರಶ್ ಜಾಸ್ತಿ. ಥೀಸಿಸ್‌ನ ಬೆನ್ನಿನ ಮೇಲಿನ ಹೆಸರಿನ ಸ್ಪೆಲಿಂಗ್ ಮಾತ್ರ ಕಾಗದದಲ್ಲಿ ಬರೆದುಕೊಡಿ.