ಮ್ಯಾಂಡೊಲಿನ್‌ಗೆ ಪಿಕಪ್ ಹಾಕಿಸ್ತೀರಾ? ಮೊದಲು ಡ್ರಿಲ್ ಕೆಳಗಿಡಿಸಿ

ಟೊಳ್ಳು ಹೊಟ್ಟೆಯ, ಎಂಟು ತಂತಿಯ ಮ್ಯಾಂಡೊಲಿನ್ ಇಟ್ಟುಕೊಂಡಿರುವ ಎಲ್ಲರಿಗೂ ಒಂದು ಮಾತು. ಪಿಕಪ್ (ವಾದ್ಯದ ದನಿಯನ್ನು ವಿದ್ಯುತ್ ಸಿಗ್ನಲ್ ಮಾಡಿಕೊಡುವ ಪುಟ್ಟ ಸಾಧನ) ಹಾಕಿಸಲು ಅಂಗಡಿಗೆ ಕೊಡುವಾಗ "ಹೇಳದೆ ಎಲ್ಲೂ ತೂತು ಕೊರೆಯುವಂತಿಲ್ಲ, ಮರ ಕೊಯ್ಯುವಂತಿಲ್ಲ" ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ನಡೆಯೋದಿಲ್ಲ. ನನ್ನ ವಾದ್ಯ ವಾಪಸ್ ಬಂದಾಗ ಅದರ ಪಕ್ಕೆಯಲ್ಲಿ ಮೂರು ಬೆರಳು ತೂರುವಷ್ಟು ಚೌಕ ಕಿಂಡಿ ಇತ್ತು.

ನಮ್ಮದು ಭಾವಗೀತೆ, ಹಳೆಯ ಚಿತ್ರಗೀತೆ ಹಾಡುವ ಚಿಕ್ಕ ತಂಡ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಆಗೀಗ ಒಂದು ಆರತಕ್ಷತೆ. ಸಭಾಂಗಣದಲ್ಲಾದರೆ ಮೈಕೇ ಸಾಕು. ಮ್ಯಾಂಡೊಲಿನ್ ದನಿಯನ್ನು ಒಳ್ಳೆಯ ಕಂಡೆನ್ಸರ್ ಮೈಕ್ ಹಿಡಿದಷ್ಟು ಚೆನ್ನಾಗಿ ಯಾವ ಪಿಕಪ್ಪೂ ಹಿಡಿಯೋದಿಲ್ಲ ಅಂತಲೇ ಇವತ್ತಿಗೂ ನನ್ನ ಅಭಿಪ್ರಾಯ. ಆದರೆ ಪೆಂಡಾಲಿನಲ್ಲಿ ತಬಲಾ ಪಕ್ಕದಲ್ಲೇ, ಮಾನಿಟರ್ (ನಮಗೇ ಕೇಳಿಸಲು ಇಡುವ ಸ್ಪೀಕರ್) ಕಾಲ ಬುಡದಲ್ಲೇ. ಮೈಕ್ ಒಂಚೂರು ಏರಿಸಿದರೆ ಕುಂಯ್ ಅಂತ ಶುರು. ಅದಕ್ಕೇ ಪಿಕಪ್ ಬೇಕಾಯಿತು.

ಬೆಂಗಳೂರಿನ ಒಂದು ವಾದ್ಯದ ಅಂಗಡಿಗೆ ಹೋದೆ. ಹೆಸರು ಬೇಡ. "ಒಳಗಡೆ ಪೀಜೋ ಅಂಟಿಸಿ ಜಾಕ್ ಕೊಡ್ತೀನಿ ಸಾರ್, ಸೀದಾ ಮಿಕ್ಸರ್‌ಗೆ ಚುಚ್ಚಿ, ಬೇರೆ ಏನೂ ಬೇಡ" ಅಂದ. ಪೀಜೋ ಅಂದ್ರೆ ಮರದ ಅಲುಗಾಟದಿಂದ ಸಿಗ್ನಲ್ ಹುಟ್ಟಿಸುವ ತೆಳು ಬಿಲ್ಲೆ, ಜಾಕ್ ಅಂದ್ರೆ ವೈರ್ ಚುಚ್ಚುವ ಜಾಗ. ಈ "ಬೇರೆ ಏನೂ ಬೇಡ" ಅನ್ನೋ ಮಾತು ಕೇಳಿದ ತಕ್ಷಣ ನೀವು ವಾದ್ಯ ಎತ್ತಿಕೊಂಡು ಹೊರಡಬಹುದು. ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲ ಕಾರ್ಯಕ್ರಮದಲ್ಲಿ ಬಂದದ್ದು ತಗಡಿನ ಸದ್ದು. ಮೇಲಿನ ಸ್ವರದ ತಂತಿ ಕಿವಿ ಚುಚ್ಚುತ್ತಿತ್ತು, ಕೆಳಗಿನ ಸ್ವರದ ತಂತಿ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಸೌಂಡ್ ಹುಡುಗ ಬಾಸ್ ಪೂರ್ತಿ ತಿರುಗಿಸಿದ. ದನಿ ದಪ್ಪವಾಗಲಿಲ್ಲ, ಗುಂಯ್ ಅನ್ನೋ ಹಮ್ಮಿಂಗ್ ಮಾತ್ರ ಬಂತು. "ಅಣ್ಣಾ, ನಿಮ್ ಪಿಕಪ್ಪೇ ಸರಿ ಇಲ್ಲ" ಅಂತ ಕೈ ತೊಳೆದುಕೊಂಡ.

ವಾಪಸ್ ಅಂಗಡಿಗೆ. "ಬಿಟ್ಟು ಹೋಗಿ ಸಾರ್, ನೋಡ್ತೀನಿ" ಅಂದ. ಬಾಡಿ ಮುಟ್ಟಬೇಡಿ ಅಂತ ಹೇಳಿಯೇ ಬಂದಿದ್ದೆ. ಆತ ನನ್ನನ್ನು ಒಂದು ಮಾತೂ ಕೇಳದೆ ಪಕ್ಕೆ ಕೊಯ್ದು ಗಿಟಾರಿನ ಪ್ರೀಆಂಪ್ (ಸಣ್ಣ ಸಿಗ್ನಲ್‌ಗೆ ಬಲ ಕೊಡುವ, ಗುಂಡಿಗಳಿರುವ ಸರ್ಕ್ಯೂಟ್) ಕೂರಿಸಿದ್ದ. ಗಿಟಾರಿನ ಪ್ರೀಆಂಪ್‌ನ ತಟ್ಟೆ ಹೆಚ್ಚುಕಮ್ಮಿ ಚಪ್ಪಟೆ. ಮ್ಯಾಂಡೊಲಿನ್ ಪಕ್ಕೆ ಗುಂಡಗೆ ಬಾಗಿರುತ್ತದೆ. ಎರಡು ತುದಿಯಲ್ಲಿ ಸಂದು ಬಿಟ್ಟಿತ್ತು, ಅಲ್ಲಿಗೆ ಎಂ-ಸೀಲ್ ಮೆತ್ತಿ, ಅದರ ಮೇಲೆ ಕಂದು ಪಾಲಿಶ್ ಬಳಿದಿದ್ದ. ಒಳಗೆ ಹಲ್ಲು ವೈದ್ಯರ ಕನ್ನಡಿ ಹಾಕಿ ನೋಡಿದರೆ ಪೀಜೋ ಬಿಲ್ಲೆ ಫೆವಿಕ್ವಿಕ್‌ನಲ್ಲಿ ಅಂಟಿಸಿದ್ದು ಕಂಡಿತು. ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವ 27 ಮಿಲಿಮೀಟರಿನ ಬಜರ್ ಬಿಲ್ಲೆ ಅದು. ವೈರಿಗೆ ಶೀಲ್ಡ್ (ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆ) ಇಲ್ಲ. ಹಮ್ಮಿಂಗ್ ಎಲ್ಲಿಂದ ಬಂತು ಅನ್ನೋದಕ್ಕೆ ಉತ್ತರ ಅಲ್ಲೇ ಸಿಕ್ಕಿತು.

ಸಾಲದ್ದಕ್ಕೆ ಕೆಲಸ ಮಾಡುವಾಗ ಎಂಟೂ ತಂತಿ ಒಟ್ಟಿಗೆ ಬಿಚ್ಚಿದ್ದ. ಮ್ಯಾಂಡೊಲಿನ್ ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಅಂಟಿಸಿದ್ದಲ್ಲ, ತಂತಿಯ ಒತ್ತಡದಲ್ಲಿ ನಿಂತಿರುತ್ತದೆ. ಎಲ್ಲ ಬಿಚ್ಚಿದರೆ ಅದು ಕೈಗೆ ಬರುತ್ತದೆ. ಆತ ಅದನ್ನು ಅಂದಾಜಿನಲ್ಲಿ ವಾಪಸ್ ಇಟ್ಟಿದ್ದ. 12ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ) ಹತ್ತಿರ ತಂತಿ ಒತ್ತಿ ಮೀಟಿದರೆ ಒಂದು ಸ್ವರ, ಅದೇ ಜಾಗದಲ್ಲಿ ತಂತಿಯನ್ನು ಸುಮ್ನೆ ಸೋಕಿಸಿ ಮೀಟಿದರೆ ಇನ್ನೊಂದು. ಎರಡೂ ಒಂದೇ ಇರಬೇಕು. ರಿಪೇರಿಯಿಂದ ಬಂದ ವಾದ್ಯವನ್ನು ಹಣ ಕೊಡುವ ಮುಂಚೆ ಅಲ್ಲೇ ಹೀಗೆ ಪರೀಕ್ಷೆ ಮಾಡಿ. ಕೊಡುವಾಗ ಕುದುರೆಯ ಜಾಗದ ಒಂದು ಫೋಟೋ ತೆಗೆದಿಟ್ಟುಕೊಂಡರೂ ಒಳ್ಳೆಯದು.

ಹೊಟ್ಟೆ ಉರಿಯೋದು ಏನಕ್ಕೆ ಅಂದ್ರೆ, ಪಕ್ಕೆ ಕೊಯ್ಯುವ ಅಗತ್ಯವೇ ಇರಲಿಲ್ಲ. ತಗಡು ಸದ್ದಿಗೆ ಕಾರಣ ವಾದ್ಯದಲ್ಲಿ ಇರಲಿಲ್ಲ, ಮಿಕ್ಸರಿನ ತೂತಿನಲ್ಲಿತ್ತು. ಪೀಜೋ ಹುಟ್ಟಿಸುವ ಸಿಗ್ನಲ್‌ಗೆ ತಾಕತ್ತು ಕಮ್ಮಿ. ಅದನ್ನು ತೆಗೆದುಕೊಳ್ಳುವ ಇನ್‌ಪುಟ್‌ನ ಇಂಪಿಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಕನಿಷ್ಠ 1 ಮೆಗಾಓಮ್, ಅಂದರೆ 1000 ಕಿಲೋಓಮ್ ಇರಬೇಕು. ಸಾಮಾನ್ಯ ಮಿಕ್ಸರಿನ ಲೈನ್ ಇನ್‌ಪುಟ್ ಇರೋದು 10ರಿಂದ 20 ಕಿಲೋಓಮ್. ಐವತ್ತರಿಂದ ನೂರು ಪಟ್ಟು ಕಮ್ಮಿ. ಆಗ ಮೊದಲು ಸೋರಿ ಹೋಗೋದೇ ಕೆಳಗಿನ ಸ್ವರಗಳು. ಅಂಥ ಬಿಲ್ಲೆಯ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಸಾಮರ್ಥ್ಯ) 20 ನ್ಯಾನೋಫ್ಯಾರಡ್, ಇನ್‌ಪುಟ್ 10 ಕಿಲೋಓಮ್ ಅಂತ ಲೆಕ್ಕ ಹಾಕಿ. ಸುಮಾರು 800 ಹರ್ಟ್ಸ್‌ನಿಂದ ಕೆಳಗೆ ದನಿ ಸೊರಗುತ್ತಾ ಹೋಗುತ್ತದೆ. ಮ್ಯಾಂಡೊಲಿನ್ ತಂತಿಗಳು ಎಷ್ಟಿವೆ? ಜಿ 196, ಡಿ 294, ಎ 440, ಇ 659 ಹರ್ಟ್ಸ್. ಒತ್ತದೆ ಮೀಟಿದರೆ ನಾಲ್ಕೂ ಜೋಡಿ ಆ ಗೆರೆಯ ಕೆಳಗೇ! ಅದೇ 1 ಮೆಗಾಓಮ್ ಇನ್‌ಪುಟ್ ಆದರೆ ಗೆರೆ 8 ಹರ್ಟ್ಸ್‌ಗೆ ಇಳಿಯುತ್ತದೆ, ಏನೂ ನಷ್ಟವಿಲ್ಲ.

ಇದಕ್ಕೆ ಬೇಕಾದ್ದು ಒಂದು ಆಕ್ಟಿವ್ ಡಿ.ಐ. ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮಿಕ್ಸರಿಗೆ ಒಗ್ಗಿಸುವ ಪೆಟ್ಟಿಗೆ; ಆಕ್ಟಿವ್ ಅಂದ್ರೆ ಕರೆಂಟಿನಲ್ಲಿ ನಡೆಯುವಂಥದ್ದು), ಅಥವಾ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಪ್ರೀಆಂಪ್. ಆಕ್ಟಿವ್ ಅನ್ನೋದು ಮುಖ್ಯ. ಸೌಂಡಿನವರ ಹತ್ತಿರ ಪ್ಯಾಸಿವ್ ಡಿ.ಐ. ಜಾಸ್ತಿ ಇರುತ್ತದೆ, ಅದು ಕೀಬೋರ್ಡಿಗೆ ಸರಿ, ಪೀಜೋಗೆ ಸಾಲದು. ಗೆಳೆಯನೊಬ್ಬ ತನ್ನ ಆಕ್ಟಿವ್ ಡಿ.ಐ. ತಂದು ಅದೇ ದರಿದ್ರ ಬಿಲ್ಲೆಯನ್ನು ಪ್ರೀಆಂಪ್ ಇಲ್ಲದೆ ನೇರವಾಗಿ ಅದಕ್ಕೆ ಕೊಟ್ಟು ನೋಡಿದ. ಕೆಳಗಿನ ಜಿ ತಂತಿ ತುಂಬಿಕೊಂಡು ಬಂತು. ಅಷ್ಟರಲ್ಲಿ ಮರ ಹೋಗಿತ್ತು.

ಆ ಗಿಟಾರ್ ಪ್ರೀಆಂಪ್ ತಾನೇ ಏನು ಉಪಕಾರ ಮಾಡಿತು? ಅದರ ಬಾಸ್ ಗುಂಡಿ ಕೆಲಸ ಮಾಡೋದು 100 ಹರ್ಟ್ಸ್ ಆಸುಪಾಸು. ಅಲ್ಲಿ ಮ್ಯಾಂಡೊಲಿನ್‌ನ ಸ್ವರವೇ ಇಲ್ಲ. ಏರಿಸಿದರೆ ಕೈ ತಾಗಿದ ದಬ್ ದಬ್ ಸದ್ದು, ಇಲ್ಲವೇ ಫೀಡ್‌ಬ್ಯಾಕ್. ತಿರುಗಾಮುರುಗಾ ಮಾಡಬೇಕು: ಸೌಂಡಿನವರಿಗೆ ಹೇಳಿ 100ರಿಂದ 150 ಹರ್ಟ್ಸ್ ಕೆಳಗಿನದನ್ನು ಹೈಪಾಸ್ ಹಾಕಿ ಕತ್ತರಿಸಿಬಿಡಿ. 2-3 ಕಿಲೋಹರ್ಟ್ಸ್ ಹತ್ತಿರ ಸ್ವಲ್ಪ ಇಳಿಸಿ, ಪೀಜೋದ ಕರ್ಕಶ ತಗ್ಗುತ್ತದೆ. ಕೂಗು ಬಂದರೆ ಫೇಸ್ ಬಟನ್ (ಸಿಗ್ನಲ್ಲನ್ನು ತಲೆಕೆಳಗು ಮಾಡುವ ಗುಂಡಿ) ಒತ್ತಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ನಿಲ್ಲುತ್ತದೆ.

ಹಣ ವಾಪಸ್ ಕೇಳಿದ್ದಕ್ಕೆ "ಸೌಂಡ್ ಬರ್ತಿದೆಯಲ್ಲ ಸಾರ್" ಅಂದ. ಬಿಲ್ಲಿನಲ್ಲಿ "ಸರ್ವಿಸ್" ಅಂತ ಒಂದೇ ಪದ ಇತ್ತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಗ್ರಾಹಕರ ದೂರು ದಾಖಲಿಸಿದ್ದೇನೆ, ಇನ್ನೂ ಏನೂ ಆಗಿಲ್ಲ.

ಕೊನೆಗೆ ವಾದ್ಯ ಸರಿಮಾಡಿಕೊಟ್ಟವರು ಪಿಟೀಲು ರಿಪೇರಿ ಮಾಡುವ ಒಬ್ಬ ಹಿರಿಯರು. ಪಿಟೀಲಿಗೂ ಅದೇ ಜಿ-ಡಿ-ಎ-ಇ, ಅದೇ ಅಂಟಿಸದ ಕುದುರೆ. ಹಾಗಾಗಿ ಅವರಿಗೆ ವಿವರಿಸುವ ಕೆಲಸವೇ ಬೀಳಲಿಲ್ಲ. ಕಿಂಡಿಗೆ ಒಳಗಿನಿಂದ ಮರದ ತೇಪೆ ಕೊಟ್ಟರು, ಗುರುತು ಉಳಿದಿದೆ. ಪಕ್ಕೆಗೆ ಕ್ಲಾಂಪಿನಿಂದ ಕಚ್ಚಿಸುವ ಜಾಕ್ ಸಿಗುತ್ತದೆ, ಒಂದು ತೂತೂ ಬೇಡ ಅನ್ನೋದನ್ನು ಅವರೇ ತೋರಿಸಿದ್ದು. ಈಗ ಕುದುರೆಗೆ ಕೂರಿಸಿದ ಪೀಜೋ, ಕ್ಲಾಂಪ್ ಜಾಕ್, ಆಕ್ಟಿವ್ ಡಿ.ಐ., ಇಷ್ಟೇ.

"ಮ್ಯಾಂಡೊಲಿನ್ ಶ್ರೀನಿವಾಸ್ ಅವರಿಗೆ ಇದ್ಯಾವ ತೊಂದರೆಯೂ ಇರಲಿಲ್ಲ ಅಲ್ವಾ?" ಅಂತ ಒಬ್ಬರು ಕೇಳಿದರು. ಶ್ರೀನಿವಾಸ್ ನುಡಿಸುತ್ತಿದ್ದದ್ದು ಎಲೆಕ್ಟ್ರಿಕ್ ಮ್ಯಾಂಡೊಲಿನ್, ಅದೂ ಜೋಡಿ ತಂತಿ ಬಿಟ್ಟು ಒಂಟಿ ತಂತಿ ಹಾಕಿ. ಅದರ ಮ್ಯಾಗ್ನೆಟಿಕ್ ಪಿಕಪ್‌ನ ಲೆಕ್ಕವೇ ಬೇರೆ. ಅದನ್ನು ನಮ್ಮ ವಾದ್ಯಕ್ಕೆ ಹಾಕಿಸಬೇಕು ಅಂತಿದ್ದರೆ ಜಿ, ಡಿ ತಂತಿ ನೋಡಿಕೊಳ್ಳಿ. ಕಂಚು ಸುತ್ತಿದ ತಂತಿಯ ಒಳಗಿನ ಉಕ್ಕನ್ನು ಮಾತ್ರ ಅಯಸ್ಕಾಂತ ಗುರುತಿಸುತ್ತದೆ, ಕೆಳಗಿನ ಎರಡು ಜೋಡಿ ಮೆತ್ತಗೆ ಕೇಳುತ್ತವೆ. ನಿಕಲ್ ಸುತ್ತಿದ ತಂತಿಗೆ ಬದಲಾಯಿಸಿದ ಮೇಲೆಯೇ ಪಿಕಪ್ ಪರೀಕ್ಷೆ ಮಾಡಿ. ಡಿ.ಐ. ಬಾಕ್ಸ್ ಕೊಳ್ಳುವವರು 48 ವೋಲ್ಟ್ ಫ್ಯಾಂಟಮ್ ಪವರ್ (ಮಿಕ್ಸರ್ ಮೈಕಿನ ವೈರಿನಲ್ಲೇ ಕಳಿಸುವ ಕರೆಂಟು) ಜೊತೆಗೆ 9 ವೋಲ್ಟ್ ಬ್ಯಾಟರಿಯಲ್ಲೂ ನಡೆಯುವಂಥದ್ದನ್ನೇ ತೆಗೆದುಕೊಳ್ಳಿ. ಪೆಂಡಾಲಿನ ಚಿಕ್ಕ ಮಿಕ್ಸರ್‌ಗಳಲ್ಲಿ ಫ್ಯಾಂಟಮ್ ಇದ್ದೇ ಇರುತ್ತದೆ ಅಂತ ನಂಬೋ ಹಾಗಿಲ್ಲ.