ಊರಿನ ಡಿಎಲ್, ಎಲ್ ಪ್ಲೇಟ್, ಪೂರ್ತಿ ಲೈಸೆನ್ಸ್: ಬ್ರಿಟನ್ನಿನಲ್ಲಿ ಮೂರರಲ್ಲೂ ಬೈಕ್ ಓಡಿಸಿದ ಮೇಲೆ

ನಾನು ರೆಡಿಂಗ್ ಊರಿಗೆ ಬಂದದ್ದು 2023ರ ಜನವರಿಯಲ್ಲಿ. ಕೆಲಸ ಸ್ಲೌನಲ್ಲಿ, ಒಂದು ಕಡೆಗೆ ಸುಮಾರು ಮೂವತ್ತು ಕಿಲೋಮೀಟರ್. ರೈಲಿನ ಪಾಸ್ ದುಬಾರಿ. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಬೈಕ್ ಓಡಿಸಿದ್ದೆ, ಹಾಗಾಗಿ ಇಲ್ಲೂ ಒಂದು ತಗೊಳ್ಳೋಣ ಅಂತ ಹೊರಟೆ. ಆಮೇಲಿನ ಎರಡು ವರ್ಷದಲ್ಲಿ ಮೂರು ಥರದ ಕಾಗದದ ಮೇಲೆ ಗಾಡಿ ಓಡಿಸಿದೆ: ಮೊದಲು ಕರ್ನಾಟಕದ ಡಿಎಲ್, ಆಮೇಲೆ ಇಲ್ಲಿನ ಪ್ರೊವಿಷನಲ್ ಲೈಸೆನ್ಸ್ (ನಮ್ಮ ಎಲ್‌ಎಲ್ ಇದ್ದ ಹಾಗೆ, ಕಲಿಯುವವರದು) ಮತ್ತು ಎಲ್ ಪ್ಲೇಟ್, ಕೊನೆಗೆ ಪೂರ್ತಿ ಲೈಸೆನ್ಸ್. ಅದೇ ಮನುಷ್ಯ, ಅದೇ ರಸ್ತೆ. ಆದರೆ ಖರ್ಚು, ತಲೆನೋವು, ಸ್ವಾತಂತ್ರ್ಯ ಮೂರರಲ್ಲೂ ಬೇರೆ ಬೇರೆ. ನನ್ನ ಹಾಗೆ ಬರುವವರು ನಾನು ಕಳೆದುಕೊಂಡಷ್ಟು ಕಳೆದುಕೊಳ್ಳಬಾರದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊರಿನ ಬೈಕನ್ನೇ ಹಡಗಿನಲ್ಲಿ ತರಿಸಬಹುದಾ ಅಂತ ಮೊದಲು ವಿಚಾರಿಸಿದ್ದೆ. ಕಸ್ಟಮ್ಸ್ ಕಾಗದ, ಹತ್ತು ವರ್ಷ ತುಂಬದ ಗಾಡಿಯಾದರೆ ಎಂಎಸ್‌ವಿಎ ಅನ್ನೋ ತಪಾಸಣೆ, ಆಮೇಲೆ ಇಲ್ಲಿನ ನಂಬರ್. ಗಾಡಿಯ ಬೆಲೆಗಿಂತ ಓಡಾಟವೇ ಜಾಸ್ತಿ. ಅದನ್ನು ಅಲ್ಲಿಗೇ ಬಿಟ್ಟೆ.

ಮೊದಲು ರಿಜಿಸ್ಟ್ರೇಷನ್ ವಿಷಯ. ಮೂರು ಹಂತದಲ್ಲೂ ಅದು ಒಂದೇ, ಮತ್ತು ಇಡೀ ವ್ಯವಹಾರದಲ್ಲಿ ಸುಲಭವಾದ ಭಾಗವೂ ಅದೇ. ನಾನು ಕೊಂಡದ್ದು 2021ರ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350, ಸೆಕೆಂಡ್ ಹ್ಯಾಂಡ್. ನೂರು ವರ್ಷದ ಹಿಂದೆ ಇದೇ ದೇಶದ ರೆಡಿಚ್ ಊರಿನಲ್ಲಿ ತಯಾರಾಗುತ್ತಿದ್ದ ಹೆಸರು, ಈಗ ಚೆನ್ನೈನಿಂದ ಇಲ್ಲಿಗೆ ಬರುತ್ತದೆ. ಅದನ್ನು ನೋಡಿದಾಗ ಪರದೇಶದಲ್ಲಿ ಪರಿಚಯದವರು ಸಿಕ್ಕ ಹಾಗಾಯಿತು.

ಇಲ್ಲಿ ಆರ್‌ಟಿಓ ಇಲ್ಲ. ಎಲ್ಲದಕ್ಕೂ ಸ್ವಾನ್ಸಿಯಲ್ಲಿರುವ ಡಿವಿಎಲ್‌ಎ ಅನ್ನೋ ಸರ್ಕಾರಿ ಕಚೇರಿ. ನಮ್ಮ ಆರ್‌ಸಿ ಇದ್ದ ಹಾಗೆ ಇಲ್ಲಿ ವಿ5ಸಿ, ಜನ ಅದನ್ನು ಲಾಗ್‌ಬುಕ್ ಅನ್ನುತ್ತಾರೆ. ಮಾರಿದವರು ತಮ್ಮ ಅಡುಗೆಮನೆಯಲ್ಲೇ ನಿಂತು ಮೊಬೈಲಿನಲ್ಲಿ ನನ್ನ ಹೆಸರು, ವಿಳಾಸ ತುಂಬಿದರು. ಲಾಗ್‌ಬುಕ್ಕಿನ ಹಸಿರು ಚೀಟಿ ಹರಿದು ಕೊಟ್ಟರು. ಐದು ನಿಮಿಷ. ವಾರದೊಳಗೆ ನನ್ನ ಹೆಸರಿನ ಹೊಸ ವಿ5ಸಿ ಅಂಚೆಯಲ್ಲಿ ಬಂತು. ಫಾರಂ 29, ಫಾರಂ 30, ಎನ್‌ಓಸಿ ಅಂತ ಅಲೆದವರಿಗೆ ಇದು ನಂಬಲಿಕ್ಕೇ ಆಗಲ್ಲ. ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಬ್ರೋಕರ್ ಇಲ್ದೇನೆ ಆಯ್ತೇನಪ್ಪಾ?"

ಮೂರು ವಿಷಯ ಮಾತ್ರ ನೆನಪಿಡಿ. ವಿ5ಸಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೀವು ಮಾಲೀಕರು ಅಂತ ಅರ್ಥವಲ್ಲ, ಗಾಡಿ ಇಟ್ಟುಕೊಂಡವರು ಅಂತ ಮಾತ್ರ. ಹಾಗಾಗಿ ರಸೀದಿ ಬರೆಸಿಕೊಳ್ಳಿ, ಗಾಡಿಯ ಮೇಲೆ ಸಾಲ ಬಾಕಿ ಇದೆಯಾ ಅಂತ ತಪಾಸಣೆ ಮಾಡಿಸಿ. ಎರಡನೆಯದು, ಹಳೆಯ ಮಾಲೀಕರ ರೋಡ್ ಟ್ಯಾಕ್ಸ್ ನಿಮಗೆ ಬರಲ್ಲ. ಹಸಿರು ಚೀಟಿಯ 12 ಅಂಕಿಯ ಸಂಖ್ಯೆ ಹಾಕಿ ನೀವೇ ಆಗಲೇ ಕಟ್ಟಬೇಕು. ನನ್ನ 350ಕ್ಕೆ ಆಗ ವರ್ಷಕ್ಕೆ ಐವತ್ತು ಚಿಲ್ಲರೆ ಪೌಂಡ್ ಇತ್ತು, 125 ಸಿಸಿಗೆ ಅದರ ಅರ್ಧದಷ್ಟು. ಮೂರನೆಯದು, ಗಾಡಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಓಟಿ ತಪಾಸಣೆ (ಗಾಡಿ ರಸ್ತೆಗಿಳಿಸಲು ಸರಿಯಿದೆಯಾ ಅಂತ ನೋಡೋದು) ಇರುತ್ತದೆ. ಹಳೆಯ ಎಂಓಟಿಗಳ ಪೂರ್ತಿ ಚರಿತ್ರೆ, ಎಷ್ಟು ಮೈಲಿ ಓಡಿತ್ತು ಅನ್ನೋದೂ ಸೇರಿ, ನಂಬರ್ ಹಾಕಿದರೆ ಸರ್ಕಾರದ ಸೈಟಿನಲ್ಲಿ ಬಿಟ್ಟಿ ಸಿಗುತ್ತದೆ. ಗಾಡಿ ನೋಡಲು ಹೋಗುವ ಮೊದಲೇ ಅದನ್ನು ಓದಿ.

ಕಷ್ಟ ಇರೋದು ಇನ್ಶೂರೆನ್ಸ್‌ನಲ್ಲಿ. ನಮ್ಮಲ್ಲಿ ಇನ್ಶೂರೆನ್ಸ್ ಗಾಡಿಯದು. ಥರ್ಡ್ ಪಾರ್ಟಿ ದರ ಸರ್ಕಾರವೇ ಸಿಸಿ ನೋಡಿ ಗೊತ್ತು ಮಾಡುತ್ತದೆ. 2022ರಿಂದ 150ರಿಂದ 350 ಸಿಸಿವರೆಗಿನ ಬೈಕಿಗೆ ವರ್ಷಕ್ಕೆ 1366 ರೂಪಾಯಿ, ಓಡಿಸೋದು ಯಾರೇ ಆಗಲಿ. ತಮ್ಮ ತಗೊಂಡು ಹೋದರೂ, ಲೈಸೆನ್ಸ್ ಇದ್ದರೆ ಸರಿ. ಇಲ್ಲಿ ಹಾಗಲ್ಲ. ಇನ್ಶೂರೆನ್ಸ್ ಈ ಮನುಷ್ಯ, ಈ ಗಾಡಿ, ಈ ಪೋಸ್ಟ್‌ಕೋಡ್ ಮೂರಕ್ಕೂ ಸೇರಿದ್ದು. ವಯಸ್ಸು, ಕೆಲಸ, ರಾತ್ರಿ ಗಾಡಿ ನಿಲ್ಲುವ ಜಾಗ, ಬೀಗದ ಜಾತಿ ಎಲ್ಲ ಕೇಳುತ್ತಾರೆ. ಬರೀ ತಿರುಗಾಟಕ್ಕಾ, ಆಫೀಸಿಗೂ ಹೋಗ್ತೀರಾ ಅಂತಲೂ ಕೇಳುತ್ತಾರೆ. ಆಫೀಸು ಅಂತ ಹೇಳದೆ ಆಫೀಸಿಗೆ ಹೋಗುವಾಗ ಏನಾದರೂ ಆದರೆ ಕ್ಲೇಮ್ ಕೈಗೆ ಬರೋದು ಕಷ್ಟ. ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ: ಲೈಸೆನ್ಸ್ ಯಾವ ದೇಶದ್ದು?

ಊರಿನ ಡಿಎಲ್ ಮೇಲೆ

ಗ್ರೇಟ್ ಬ್ರಿಟನ್ನಿನಲ್ಲಿ ವಾಸಕ್ಕೆ ಬಂದ ದಿನದಿಂದ 12 ತಿಂಗಳು ನಮ್ಮ ಡಿಎಲ್ ನಡೆಯುತ್ತದೆ. ಅದರಲ್ಲಿ ಗೇರ್ ಇರುವ ಬೈಕಿನ ಅನುಮತಿ ಇದ್ದರೆ 350 ಓಡಿಸಬಹುದು, ಹೆಂಡತಿಯನ್ನು ಹಿಂದೆ ಕೂರಿಸಬಹುದು, ಎಂ4 ಮೋಟರ್‌ವೇ (ನಮ್ಮ ಎಕ್ಸ್‌ಪ್ರೆಸ್‌ವೇ ಥರದ್ದು) ಹತ್ತಬಹುದು. ಎಲ್ ಪ್ಲೇಟ್ ಬೇಡ. ಸ್ವಾತಂತ್ರ್ಯದ ಲೆಕ್ಕದಲ್ಲಿ ಇದಕ್ಕೆ ಪೂರ್ತಿ ಅಂಕ.

ಹಣದ ಲೆಕ್ಕದಲ್ಲಿ ಇದೇ ಕೊನೆಯದು. ದರ ಹೋಲಿಸುವ ಸೈಟುಗಳಲ್ಲಿ ವಿದೇಶಿ ಲೈಸೆನ್ಸ್ ಅಂತ ಹಾಕಿದ ತಕ್ಷಣ ಅರ್ಧಕ್ಕರ್ಧ ಕಂಪನಿಗಳು ಮಾಯ. ಉಳಿದವರಲ್ಲಿ ನನಗೆ ಸಿಕ್ಕ ಕಡಿಮೆ ದರ, ಕಾಂಪ್ರಹೆನ್ಸಿವ್‌ಗೆ 742 ಪೌಂಡ್. ಥರ್ಡ್ ಪಾರ್ಟಿ ಜೊತೆಗೆ ಬೆಂಕಿ ಮತ್ತು ಕಳವು ಸೇರಿದ್ದಕ್ಕೆ 715. ಬರೀ ಥರ್ಡ್ ಪಾರ್ಟಿಗೆ 790! ತಪ್ಪು ಓದಿದೆನಾ ಅಂತ ಮತ್ತೆ ನೋಡಿದೆ. ಕಡಿಮೆ ರಕ್ಷಣೆ ಆರಿಸಿಕೊಳ್ಳುವವರಲ್ಲೇ ಅಪಘಾತ ಜಾಸ್ತಿ ಅನ್ನೋದು ಕಂಪನಿಗಳ ಲೆಕ್ಕವಂತೆ. ಹಾಗಾಗಿ ಊರಿನ ಅಭ್ಯಾಸದಲ್ಲಿ 'ಬರೀ ಥರ್ಡ್ ಪಾರ್ಟಿ ಸಾಕು' ಅಂತ ಸುಮ್ನೆ ಒತ್ತಬೇಡಿ. ಮೂರನ್ನೂ ಹಾಕಿ ನೋಡಿ. ಬೆಂಗಳೂರಿನಲ್ಲಿ ಕ್ಲೇಮ್ ಇಲ್ಲದೆ ಗಳಿಸಿದ್ದ 50 ಪರ್ಸೆಂಟ್ ಬೋನಸ್ (ಪ್ರೀಮಿಯಂನಲ್ಲಿ ರಿಯಾಯಿತಿ) ಪತ್ರ ತೋರಿಸಿದೆ, ನಾನು ಕೇಳಿದ ಯಾರೂ ಅದನ್ನು ಒಪ್ಪಲಿಲ್ಲ.

ಹೆಸರಿನ ವಿಷಯದಲ್ಲೂ ಹುಷಾರು. ನನ್ನ ಡಿಎಲ್‌ನಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅದೇ ಎರಡು ಅಕ್ಷರ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಆಗಿ ಸರ್‌ನೇಮ್ ಜಾಗದಲ್ಲಿ ಕೂತಿವೆ. ಇಲ್ಲಿನ ಕಂಪ್ಯೂಟರಿಗೆ ಇವು ಇಬ್ಬರು ಮನುಷ್ಯರು. ನಾನು ಎಲ್ಲ ಕಡೆ ಪಾಸ್‌ಪೋರ್ಟಿನ ಹೆಸರನ್ನೇ ಹಾಕಿ, ಡಿಎಲ್‌ನ ವ್ಯತ್ಯಾಸವನ್ನು ಕಂಪನಿಗೆ ಇಮೇಲ್‌ನಲ್ಲಿ ತಿಳಿಸಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಇಟ್ಟುಕೊಂಡೆ.

ಈಗ ನಾನು ಮುಗ್ಗರಿಸಿದ ಜಾಗ. 12 ತಿಂಗಳು ಶುರುವಾಗೋದು ಬೈಕ್ ಕೊಂಡ ದಿನದಿಂದಲ್ಲ, ದೇಶಕ್ಕೆ ವಾಸಕ್ಕೆ ಬಂದ ದಿನದಿಂದ. ನಾನು ಬಂದದ್ದು ಜನವರಿ, ಪಾಲಿಸಿ ತಗೊಂಡದ್ದು ಮೇ. 2024ರ ಜನವರಿಯಲ್ಲಿ ಡಿಎಲ್‌ನ ಗಡುವು ಮುಗಿಯಿತು, ಪಾಲಿಸಿ ಇನ್ನೂ ನಾಲ್ಕು ತಿಂಗಳು ಬಾಕಿ. ಕಂಪನಿಗೆ ತಿಳಿಸಿದೆ. ಪೂರ್ತಿ ಲೈಸೆನ್ಸ್ ಇಲ್ಲದೆ 350ಕ್ಕೆ ರಕ್ಷಣೆ ಇಲ್ಲ ಅಂತ ಪಾಲಿಸಿ ರದ್ದು ಮಾಡಿದರು, ರದ್ದತಿ ಶುಲ್ಕವನ್ನೂ ಹಿಡಿದರು. ಅದಕ್ಕಿಂತ ನೋವಾಗಿದ್ದು ಬೇರೆ. ಕ್ಲೇಮ್ ಇಲ್ಲದ ಬೋನಸ್ ಸಿಗಬೇಕಾದರೆ ಪಾಲಿಸಿ 12 ತಿಂಗಳು ಪೂರ್ತಿ ನಡೆಯಬೇಕು. ಎಂಟು ತಿಂಗಳು ಒಂದು ಗೀರೂ ಬೀಳದಂತೆ ಓಡಿಸಿದ್ದಕ್ಕೆ ಲೆಕ್ಕವೇ ಇಲ್ಲ. ಇದನ್ನು ಪಾಲಿಸಿ ಮಾರುವಾಗ ಯಾರೂ ಹೇಳಲಿಲ್ಲ.

350ಯನ್ನು ಗೆಳೆಯನ ಗ್ಯಾರೇಜಿನಲ್ಲಿ ನಿಲ್ಲಿಸಿ ಎಸ್‌ಓಆರ್‌ಎನ್ ಘೋಷಣೆ ಮಾಡಿದೆ. 'ಸಾರ್ನ್' ಅನ್ನುತ್ತಾರೆ, ಗಾಡಿ ರಸ್ತೆಯಲ್ಲಿಲ್ಲ ಅಂತ ಸರ್ಕಾರಕ್ಕೆ ತಿಳಿಸೋದು. ಇದನ್ನು ಮರೆಯಬೇಡಿ. ಸಾರ್ನ್ ಮಾಡದಿದ್ದರೆ ಇಲ್ಲಿ ಗಾಡಿ ಸುಮ್ಮನೆ ನಿಂತಿದ್ದರೂ ಇನ್ಶೂರೆನ್ಸ್ ಇರಲೇಬೇಕು, ಇಲ್ಲದಿದ್ದರೆ ಪೊಲೀಸರು ಹಿಡಿಯೋದೇ ಬೇಡ, ಮನೆಗೇ ದಂಡದ ಕಾಗದ ಬರುತ್ತದೆ.

ಎಲ್ ಪ್ಲೇಟ್ ಮೇಲೆ

ಅಂಚೆ ಕಚೇರಿಯಲ್ಲಿ ಸಿಗುವ ಡಿ1 ಫಾರಂ ತುಂಬಿ, 43 ಪೌಂಡ್ ಕಟ್ಟಿ, ಪ್ರೊವಿಷನಲ್ ತರಿಸಿಕೊಂಡೆ. ಆಮೇಲೆ ಸಿಬಿಟಿ. ಇದು ಪರೀಕ್ಷೆಯಲ್ಲ, ಒಂದು ದಿನದ ಕಡ್ಡಾಯ ತರಬೇತಿ. ಕೊನೆಯ ಎರಡು ಗಂಟೆ ರಸ್ತೆಯ ಮೇಲೆ. ಬೆಂಗಳೂರಿನಿಂದ ತಂದಿದ್ದ ನನ್ನ ಐಎಸ್‌ಐ ಹೆಲ್ಮೆಟ್ ನೋಡಿ ತರಬೇತುದಾರರು ಪಕ್ಕಕ್ಕಿಟ್ಟರು. ಇಲ್ಲಿ ಇಸಿಇ 22 ಅಥವಾ ಬ್ರಿಟಿಷ್ ಸ್ಟ್ಯಾಂಡರ್ಡ್ ಮಾರ್ಕ್ ಇರಬೇಕು. ಅಂದರೆ ಅಷ್ಟು ತಿಂಗಳು ನಾನು ಕಾನೂನಿಗೆ ಲೆಕ್ಕವಿಲ್ಲದ ಹೆಲ್ಮೆಟ್ ಹಾಕಿಕೊಂಡು ಓಡಾಡಿದ್ದೆ. ಇಸಿಇ ಮಾರ್ಕಿನದು ನಮ್ಮ ಊರಿನಲ್ಲೂ ಸಿಗುತ್ತದೆ, ತರುವುದಾದರೆ ಅದನ್ನೇ ತನ್ನಿ.

ಅವತ್ತು ಕಲಿತದ್ದು ಜಾಸ್ತಿ. ತಿರುಗುವ ಮೊದಲು ಕನ್ನಡಿ ಸಾಲದು, ಭುಜದ ಮೇಲಿಂದ ಹಿಂದೆ ನೋಡಬೇಕು. ಅದಕ್ಕೆ ಇವರಿಟ್ಟ ಹೆಸರು 'ಲೈಫ್‌ಸೇವರ್'. ಹನ್ನೊಂದು ವರ್ಷ ನಾನು ಆ ಕೆಲಸವನ್ನು ಹಾರ್ನಿಗೆ ಬಿಟ್ಟಿದ್ದೆ.

ಸಿಬಿಟಿ ಪತ್ರ ಎರಡು ವರ್ಷ ನಡೆಯುತ್ತದೆ. 125 ಸಿಸಿವರೆಗೆ ಮಾತ್ರ, ಹಿಂದೆ ಯಾರೂ ಕೂರುವಂತಿಲ್ಲ, ಮೋಟರ್‌ವೇ ಇಲ್ಲ. ಹಳೆಯ ಹೋಂಡಾ ಸಿಬಿ125ಎಫ್ ಒಂದನ್ನು ಕೊಂಡೆ. ಇನ್ಶೂರೆನ್ಸ್ 388 ಪೌಂಡ್, ಕಾಂಪ್ರಹೆನ್ಸಿವ್. ಲೈಸೆನ್ಸ್ ಕೆಳಗಿಳಿದರೂ ದರ ಅರ್ಧಕ್ಕೆ ಬಂತು! ಎಲ್ ಪ್ಲೇಟಿನವರಿಗೆ ಪಾಲಿಸಿ ಕೊಡಲು ಕಂಪನಿಗಳ ಸಾಲೇ ಇದೆ, ಊರಿನ ಡಿಎಲ್‌ಗೆ ಇಲ್ಲ. ಆದರೆ 125ಗಳನ್ನು ಕದಿಯೋದೂ ಸುಲಭ, ಇಬ್ಬರು ಎತ್ತಿ ವ್ಯಾನಿಗೆ ಹಾಕುತ್ತಾರೆ. ಗಟ್ಟಿ ಚೈನು ಕೊಳ್ಳಲೇಬೇಕು.

ಎಂ4 ಬದಲು ಎ4 ರಸ್ತೆ ಹಿಡಿದು, ಮೇಡನ್‌ಹೆಡ್ ಮೇಲೆ ಸ್ಲೌಗೆ. ಇಪ್ಪತ್ತು ನಿಮಿಷ ಜಾಸ್ತಿ. ಮಳೆ, ಎದುರುಗಾಳಿ, ಹಿಂದೆ ಲಾರಿ. ಹೆಂಡತಿ ಭಾನುವಾರಗಳಲ್ಲಿ ಬಸ್ಸಿನಲ್ಲಿ ಬರುತ್ತಿದ್ದಳು, ನಾನು ಬೈಕಿನಲ್ಲಿ. ಒಬ್ಬರೇ ಇರುವವರಿಗೆ, ಊರೊಳಗೇ ಓಡಾಡುವವರಿಗೆ ಇದು ಸಾಕು. ನನಗೆ ಸಾಕಾಗಲಿಲ್ಲ.

ಪೂರ್ತಿ ಲೈಸೆನ್ಸ್

ಮೊದಲು ಥಿಯರಿ: 50 ಪ್ರಶ್ನೆಗೆ 43 ಸರಿ ಬರಬೇಕು, ಜೊತೆಗೆ ವಿಡಿಯೋ ನೋಡಿ ಅಪಾಯ ಗುರುತಿಸೋದು. 23 ಪೌಂಡ್. ಆಮೇಲೆ ಮಾಡ್ಯೂಲ್ 1, ಮೈದಾನದಲ್ಲಿ, 15.50 ಪೌಂಡ್. ಕೋನ್‌ಗಳ ನಡುವೆ ತಿರುಗಾಟ, ಯು ಟರ್ನ್, 50 ಕಿಲೋಮೀಟರ್ ವೇಗದಲ್ಲಿ ಪಕ್ಕಕ್ಕೆ ಹೊರಳಿಸೋದು. ಕೊನೆಗೆ ರಸ್ತೆಯ ಮೇಲೆ ಮಾಡ್ಯೂಲ್ 2, ವಾರದ ದಿನಗಳಲ್ಲಿ 75 ಪೌಂಡ್. ಮೊದಲ ಸಲ ಯು ಟರ್ನ್‌ನಲ್ಲಿ ನನ್ನ ಕಾಲು ನೆಲಕ್ಕೆ ತಾಗಿತು, ಫೇಲ್. ಮತ್ತೆ ದಿನಾಂಕ ಸಿಗಲು ಆರು ವಾರ ಕಾದೆ.

24 ವರ್ಷ ತುಂಬಿದವರು ನೇರವಾಗಿ ದೊಡ್ಡ ಬೈಕಿನ 'ಎ' ಪರೀಕ್ಷೆ ಕೊಡಬಹುದು. ಅದಕ್ಕೆ ಕನಿಷ್ಠ 595 ಸಿಸಿ ಗಾಡಿ ಬೇಕು. ಅದಕ್ಕಿಂತ ಕೆಳಗಿನ ಎ2 ಪರೀಕ್ಷೆಗೂ ನನ್ನ ಮೀಟಿಯರ್‌ನ ಶಕ್ತಿ ಸಾಲದು, ಅದಕ್ಕೆ ಕನಿಷ್ಠ 20 ಕಿಲೋವಾಟ್ ಕೇಳುತ್ತಾರೆ. ಅಂದರೆ 350 ಓಡಿಸುವ ಲೈಸೆನ್ಸಿಗೆ 350 ತಗೊಂಡು ಹೋಗುವಂತಿಲ್ಲ. ತರಬೇತಿ ಶಾಲೆಯ ಗಾಡಿ, ನಾಲ್ಕು ದಿನದ ಪಾಠ ಸೇರಿ ನನಗೆ 680 ಪೌಂಡ್ ಆಯಿತು. ಆಕ್ಟಿವಾ ಮಾತ್ರ ಓಡಿಸಿ ಅಭ್ಯಾಸ ಇರುವವರು ಗಮನಿಸಿ: ಗೇರ್ ಇಲ್ಲದ ಗಾಡಿಯಲ್ಲಿ ಪಾಸಾದರೆ ಲೈಸೆನ್ಸೂ ಗೇರ್ ಇಲ್ಲದ್ದಕ್ಕೇ ಸೀಮಿತ.

2024ರ ಆಗಸ್ಟ್‌ನಲ್ಲಿ ಪಾಸಾದೆ. ಈ ಸಲ ಪಾಲಿಸಿ ಮುರಿಯಲಿಲ್ಲ. ಅದೇ ಪಾಲಿಸಿಯಲ್ಲಿ ಲೈಸೆನ್ಸ್ ಮತ್ತು ಗಾಡಿ ಎರಡನ್ನೂ ಬದಲಾಯಿಸಿ ಅಂತ ಕೇಳಿದೆ. 25 ಪೌಂಡ್ ಶುಲ್ಕ, ಅಷ್ಟೇ. ಅದರಿಂದ 12 ತಿಂಗಳು ಪೂರ್ತಿಯಾಗಿ, 2025ರ ಫೆಬ್ರವರಿಯಲ್ಲಿ ಮೊದಲ ವರ್ಷದ ಬೋನಸ್ ಕೈಗೆ ಬಂತು. ಅದೇ ಮೀಟಿಯರ್, ಅದೇ ಪೋಸ್ಟ್‌ಕೋಡ್, ಅದೇ ಕಾಂಪ್ರಹೆನ್ಸಿವ್: 268 ಪೌಂಡ್. ಮೊದಲು ಕಟ್ಟಿದ್ದು 742.

ಹಾಗಾದರೆ ಯಾವುದು? ಇಲ್ಲಿ ನನ್ನ ಗೆಳೆಯನೊಬ್ಬನ ಮಾತು ಹೇಳಬೇಕು. ದಾವಣಗೆರೆಯವನು, ನಾನು ಬಂದ ತಿಂಗಳೇ ಬಂದವನು. ಬಂದ ಮೊದಲ ವಾರವೇ ಡಿ1 ಫಾರಂ ಕಳಿಸಿದ. ನನಗೆ ಆಗ ಗೊತ್ತಿರದ ವಿಷಯ ಅವನಿಗೆ ಗೊತ್ತಿತ್ತು: ಮೊದಲ 12 ತಿಂಗಳೊಳಗೆ ಪ್ರೊವಿಷನಲ್ ತಗೊಂಡರೂ ಊರಿನ ಡಿಎಲ್‌ನ ಹಕ್ಕು ಹೋಗಲ್ಲ, ಎಲ್ ಪ್ಲೇಟಿನ ನಿಯಮಗಳು ಅಂಟಿಕೊಳ್ಳಲ್ಲ. ಊರಿನ ಡಿಎಲ್ ಮೇಲೆ ಬೈಕ್ ಓಡಿಸುತ್ತಲೇ ಅವನು ಸಿಬಿಟಿ, ಥಿಯರಿ, ಎರಡು ಮಾಡ್ಯೂಲ್ ಎಲ್ಲ ಒಂಬತ್ತನೇ ತಿಂಗಳಿಗೆ ಮುಗಿಸಿದ. ಅವನೂ ಮೊದಲ ಪಾಲಿಸಿಗೆ ನನ್ನಷ್ಟೇ ಕಟ್ಟಿದ್ದ. ಆದರೆ ಅವನ ಪಾಲಿಸಿ ಮುರಿಯಲಿಲ್ಲ, ಬೋನಸ್ ಹೋಗಲಿಲ್ಲ, ಎರಡನೇ ಗಾಡಿ ಕೊಳ್ಳಬೇಕಾಗಲಿಲ್ಲ.

ಒಂದೆರಡು ವರ್ಷಕ್ಕೆ ಮಾತ್ರ ಬಂದಿದ್ದೀರಿ, ಊರೊಳಗೇ ಓಡಾಟ ಅಂದರೆ ಸಿಬಿಟಿ ಮತ್ತು 125. ಆರು ತಿಂಗಳ ಪ್ರಾಜೆಕ್ಟ್ ಆದರೆ ಊರಿನ ಡಿಎಲ್ ಸಾಕು, ಆದರೆ ಪಾಲಿಸಿ ರದ್ದು ಮಾಡಿದರೆ ಎಷ್ಟು ವಾಪಸ್ ಬರುತ್ತೆ ಅಂತ ಮೊದಲೇ ಕೇಳಿ. ಇಲ್ಲೇ ನೆಲೆ ನಿಲ್ಲುವವರು ಗೆಳೆಯನ ದಾರಿ ಹಿಡಿಯಿರಿ. ಮುಂದಿನ ತಿಂಗಳು ಹಾಸನದಿಂದ ನನ್ನ ಅಕ್ಕನ ಮಗ ಲೆಸ್ಟರ್‌ಗೆ ಓದಲು ಬರುತ್ತಿದ್ದಾನೆ. ಅವನಿಗಾಗಿ ಅಂಚೆ ಕಚೇರಿಯಿಂದ ಒಂದು ಡಿ1 ಫಾರಂ ತಂದು ಮೇಜಿನ ಮೇಲೆ ಇಟ್ಟಿದ್ದೇನೆ.