ಪುಟ್ಟ ಲಾರಿಗೆ ಧೂಳು: ಹೊಲದ ಮಣ್ಣೋ, ಪೇಸ್ಟಲ್ಲೋ, ಆಯಿಲ್ ಬಣ್ಣವೋ?

ಆಟಿಕೆ ಲಾರಿ ನಿಜವಾದ ಲಾರಿಯಂತೆ ಧೂಳು ಹಿಡಿದು ಕಾಣಬೇಕು ಅಂತ 1:64 ಅಳತೆಯ (ನಿಜವಾದದ್ದಕ್ಕಿಂತ 64 ಪಟ್ಟು ಚಿಕ್ಕ), ಒಂದೇ ನಮೂನೆಯ ಮೂರು ಲಾರಿ ತಂದೆ. ಹೊಳೆಯುವ ಬಣ್ಣದ ಮೇಲೆ ಪುಡಿ ನಿಲ್ಲುವುದಿಲ್ಲ, ಹಾಗಾಗಿ ಮೊದಲು ಮೂರಕ್ಕೂ ಮ್ಯಾಟ್, ಅಂದರೆ ಹೊಳಪಿಲ್ಲದ, ವಾರ್ನಿಶ್ ಹೊಡೆದೆ. ಆಮೇಲೆ ಒಂದಕ್ಕೆ ಹೊಲದ ಮಣ್ಣು, ಒಂದಕ್ಕೆ ಸಾಫ್ಟ್ ಪೇಸ್ಟಲ್ (ಸೀಮೆಸುಣ್ಣದಂಥ ಬಣ್ಣದ ಕಡ್ಡಿ) ಪುಡಿ, ಇನ್ನೊಂದಕ್ಕೆ ಚಿತ್ರ ಬರೆಯುವ ಆಯಿಲ್ ಬಣ್ಣ. ನಿಜವಾದ ಲಾರಿ ಹೇಗೆ ಕೊಳೆಯಾಗುತ್ತದೆ ಅಂತ ನೋಡೋಕೆ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೋಗಿ ಒಂದು ಬೆಳಗ್ಗೆ ಕಳೆದೆ.

ನನಗೆ ಆಸೆ ಜಾಸ್ತಿ ಇದ್ದದ್ದು ಮಣ್ಣಿನ ಮೇಲೆ. ಮನೆ ಹಿಂದೆಯೇ ಕಪ್ಪು ಎರಿ ಮಣ್ಣು ಇರುವಾಗ ಬಣ್ಣಕ್ಕೆ ದುಡ್ಡು ಯಾಕೆ, ಅಲ್ವಾ? ಹಿಟ್ಟಿನ ಸಾಣಿಗೆಯಲ್ಲಿ ಸಾಣಿಸಿ, ಬಿಳಿ ಅಂಟು ಮತ್ತು ನೀರಿನಲ್ಲಿ ಕಲಸಿ ಮಡ್‌ಗಾರ್ಡ್ ಕೆಳಗೆ ಮೆತ್ತಿದೆ. ಮರುದಿನ ನೋಡಿದರೆ ಬೇಸಿಗೆಯ ಹೊಲದಂತೆ ಬಿರುಕು ಬಿಟ್ಟು ಹಕ್ಕಳೆ ಎದ್ದಿತ್ತು. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಚಿಟಿಕೆ ಮಣ್ಣಿಗೂ ಅದೇ ಗುಣ. ಧಾರವಾಡದ ಕಡೆಯ ಕೆಂಪು ಮಸಾರಿ ಬಿರುಕು ಬಿಡಲಿಲ್ಲ, ಆದರೆ ಕಾಳು ದಪ್ಪ. ಅರ್ಧ ಮಿಲಿಮೀಟರ್ ಕಾಳು ಅಂದರೆ ಈ ಅಳತೆಗೆ 32 ಮಿಲಿಮೀಟರ್, ಜಲ್ಲಿ ಅಂಟಿಸಿದ ಹಾಗೆ! ಹಳೇ ಧೋತರದ ಬಟ್ಟೆಯಲ್ಲಿ ಇನ್ನೊಮ್ಮೆ ಸಾಣಿಸಿದ ಮೇಲೆ ಟೈರಿನ ಸಂದಿಯಲ್ಲಿ ಚೆನ್ನಾಗಿ ಕೂತಿತು. ಅಂಟು ಕುಡಿದ ಮಣ್ಣು ಒಣಗಿದ ಮೇಲೂ ಹಸಿಯಾಗಿಯೇ ಕಾಣುತ್ತದೆ. ಮಳೆಗಾಲದ ಲಾರಿಗೆ ಸರಿ, ಬೇರೆಯದಕ್ಕೆ ಬೇಡ.

ಒಣ ಧೂಳಿಗೆ ಪೇಸ್ಟಲ್ಲೇ ಸೈ. ಕಡ್ಡಿಯನ್ನು ಬ್ಲೇಡಿನಿಂದ ಕೆರೆದು, ಬೂದು ಮತ್ತು ಕಂದು ಬೆರೆಸಿ, ಮೆತ್ತನೆಯ ಕುಂಚದಿಂದ ಕೆಳಗಿನಿಂದ ಮೇಲಕ್ಕೆ ಹಚ್ಚಿದೆ. ಮುಂದಿನ ಗಾಜಿನಲ್ಲಿ ವೈಪರ್ ಆಡುವ ಕಮಾನನ್ನು ಒದ್ದೆ ಇಯರ್‌ಬಡ್‌ನಿಂದ ಒರೆಸಿದ ಕೂಡಲೇ ಲಾರಿಗೆ ಜೀವ ಬಂತು! ಆಯಿಲ್ ಪೇಸ್ಟಲ್ ಮಾತ್ರ ತರಬೇಡಿ, ಅದು ಮೇಣದ ಥರ, ಪುಡಿಯಾಗುವುದಿಲ್ಲ. ಬೆರಳು ತಾಗಿದರೆ ಪುಡಿ ಅಳಿಯುತ್ತದೆ. ಅಳಿಯಬಾರದು ಅಂತ ವಾರ್ನಿಶ್ ಹೊಡೆದರೆ ಅರ್ಧ ಧೂಳು ಮಾಯ. ಅದಕ್ಕೇ ದೂರದಿಂದ ತೆಳ್ಳಗೆ ವಾರ್ನಿಶ್ ಹೊಡೆದು, ಮೇಲೆ ಇನ್ನೊಂದು ಕೈ ಪುಡಿ ಹಚ್ಚಿದೆ.

ಎಪಿಎಂಸಿಯಲ್ಲಿ ಡ್ರೈವರ್ ಒಬ್ಬರು ಟ್ಯಾಂಕ್ ತೋರಿಸಿ, "ನೋಡ್ರೀ, ಡೀಸೆಲ್ ಚೆಲ್ಲಿದಲ್ಲೇ ಧೂಳು ಕರ್ರಗ ಹಿಡೀತೈತಿ" ಅಂದಿದ್ದರು. ಮುಚ್ಚಳದಿಂದ ಕೆಳಕ್ಕೆ ಒಂದು ಜಿಡ್ಡು ಗೆರೆ. ಪುಡಿಯಲ್ಲಿ ಅದು ಬರಲೇ ಇಲ್ಲ. ಆಯಿಲ್ ಬಣ್ಣದಲ್ಲಿ ಬರ್ನ್ಟ್ ಅಂಬರ್‌ನ (ಗಾಢ ಕಂದು) ಒಂದು ಚುಕ್ಕೆ ಇಟ್ಟು, ಟರ್ಪಂಟೈನ್‌ನಲ್ಲಿ ಅದ್ದಿ ಒರೆಸಿದ ಕುಂಚದಿಂದ ಕೆಳಗೆ ಎಳೆದರೆ ಸಾಕು. ತಪ್ಪಿದರೆ ಒರೆಸಿ ಮತ್ತೆ ಎಳೆಯಬಹುದು, ಅದು ಬೇಗ ಒಣಗುವುದಿಲ್ಲ. ಹಿಂಬಾಗಿಲಿನ ಕೀಲಿನ ತುಕ್ಕಿಗೆ ಬರ್ನ್ಟ್ ಸಿಯೆನಾ, ಅಂದರೆ ಕೆಂಗಂದು. ತುಕ್ಕು ಹೊಳೆಯಬಾರದು, ಹಾಗಾಗಿ ಆ ಬಣ್ಣವನ್ನು ಮೊದಲು ರಟ್ಟಿನ ಮೇಲೆ ಬಿಟ್ಟು, ರಟ್ಟು ಹೀರುವಂತೆ ಎಣ್ಣೆ ಇಳಿಸಿದೆ. ಡೀಸೆಲ್ ಗೆರೆಗೆ ಹೊಳಪು ಬೇಕು, ಅಲ್ಲಿ ಇಳಿಸಲಿಲ್ಲ.

ಒಂದನ್ನೇ ತರುವುದಾದರೆ ಪೇಸ್ಟಲ್ ತನ್ನಿ. ಎರಡೂ ಇದ್ದರೆ ಮೊದಲು ಆಯಿಲ್ ಗೆರೆ ಎಳೆದು, ಪೂರ್ತಿ ಒಣಗಿದ ಮೇಲೆ ಪುಡಿ ಹಚ್ಚಿ. ಹಿಂದುಮುಂದು ಮಾಡಿದರೆ ಟರ್ಪಂಟೈನ್ ಧೂಳನ್ನೆಲ್ಲ ತೊಳೆದುಬಿಡುತ್ತದೆ.